ಟಪಾಲಣ್ಣ ಆರಿಸದ ದೀಪ

ಪ್ಲಾಸ್ಟಿಕ್ ಕೊಳವೆಯ ಒಂದು ತುದಿ ಮೀನಿನ ತೊಟ್ಟಿಯೊಳಗೆ, ಇನ್ನೊಂದು ತುದಿ ಟಪಾಲಣ್ಣನ ಬಾಯೊಳಗೆ, ಕಾಲ ಬಳಿ ಬಕೆಟ್ಟು. ತೊಟ್ಟಿಯ ತಳದ ಕೊಳೆನೀರನ್ನು ಹೀಗೆ ಬಾಯಿಂದ ಎಳೆದು, ನೀರು ಇನ್ನೇನು ತುಟಿಗೆ ಬಂತು ಅನ್ನುವಾಗ ಕೊಳವೆಯನ್ನು ಬಕೆಟ್ಟಿಗೆ ತಿರುಗಿಸಬೇಕು. ಟಪಾಲಣ್ಣ ಆಫೀಸಿಗೂ ತಡ, ಬಸ್ಸಿಗೂ ತಡ, ಕೊಳವೆಗೂ ತಡ. ಹೀಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಬಾಯಿ ತೊಟ್ಟಿನೀರು ಅವನ ಪಾಲಿಗೆ ಕಟ್ಟಿಟ್ಟದ್ದು.

ಅಂಥ ಒಂದು ಭಾನುವಾರ, ಅವನ ಬಾಯಿ ತುಂಬ ನೀರಿರುವ ಹೊತ್ತಿಗೇ, ಎದುರುಮನೆಯ ಹೆಡ್‌ಮಾಸ್ತರು ಕಿಟಕಿಯ ಹೊರಗೆ ಬಂದು ನಿಂತರು. ಸ್ಕೂಲು ಬಿಟ್ಟು ಹತ್ತು ವರ್ಷವಾಗಿದ್ದರೂ ಹಾಜರಿ ತೆಗೆಯುವುದನ್ನು ಅವರು ಬಿಟ್ಟಿರಲಿಲ್ಲ. ಮಕ್ಕಳ ಬದಲು ಈಗ ಬೀದಿಯ ಹಾಜರಿ, ಅಷ್ಟೇ.

“ಟಪಾಲಣ್ಣ, ಮೂರು ವಾರದಿಂದ ನೋಡ್ತಾ ಇದ್ದೀನಿ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಈ ಕೋಣೇಲಿ ದೀಪ ಬರುತ್ತೆ, ಹತ್ತಕ್ಕೆ ಹೋಗುತ್ತೆ. ಮತ್ತೆ ಸಂಜೆ ಆರಕ್ಕೆ ಬರುತ್ತೆ, ಹತ್ತಕ್ಕೆ ಹೋಗುತ್ತೆ. ಒಂದು ನಿಮಿಷ ಆಚೆ ಈಚೆ ಇಲ್ಲ. ನಾನು ಗೋಡೆ ಗಡಿಯಾರಾನ ಈಗ ಅದನ್ನ ನೋಡಿಯೇ ಇಡೋದು. ನಿಮ್ಮಂಥವರು ಇಷ್ಟು ಶಿಸ್ತು ಕಲಿತ್ರಲ್ಲ, ಭೇಷ್. ದಿನಾ ನೀವೇ ಎದ್ದು ಹಾಕ್ತೀರಾ?”

ಬಾಯಲ್ಲಿ ನೀರಿರುವ ಮನುಷ್ಯ ಏನು ಹೇಳಬಲ್ಲ. ಟಪಾಲಣ್ಣ ತಲೆ ಆಡಿಸಿದ. ಮುಂದೆ ಆದ ಎಲ್ಲ ಅನಾಹುತಕ್ಕೂ ಆ ತಲೆ ಆಡಿಸಿದ್ದೇ ಮೂಲ.

ನೀರು ಉಗಿದ ಮೇಲಾದರೂ ನಿಜ ಹೇಳಬಹುದಿತ್ತು. ದೀಪ ಹಾಕುತ್ತಿದ್ದದ್ದು ಅವನಲ್ಲ. ತೊಟ್ಟಿಯ ಹಿಂದೆ, ಪ್ಲಗ್ಗಿಗೆ ಸಿಕ್ಕಿಸಿದ ಅಂಗೈಯಗಲದ ಒಂದು ಟೈಮರು. ದುಂಡಗೆ ತಿರುಗುವ ಬಿಲ್ಲೆ, ಅದರ ಅಂಚಿಗೆ ಬಾಚಣಿಗೆ ಹಲ್ಲಿನ ಹಾಗೆ ಸಾಲು ಕಡ್ಡಿಗಳು, ಒಂದೊಂದು ಕಡ್ಡಿಗೆ ಕಾಲು ಗಂಟೆ. ಒತ್ತಿದ ಕಡ್ಡಿಯ ಹೊತ್ತಿಗೆ ದೀಪ ಹೊತ್ತುತ್ತದೆ, ಒತ್ತದ ಕಡ್ಡಿಯ ಹೊತ್ತಿಗೆ ಆರುತ್ತದೆ. ಮೀನಿನಂಗಡಿಯವನು ಕಡ್ಡಿಗಳನ್ನು ತಾನೇ ಒತ್ತಿಕೊಟ್ಟು ಹೇಳಿದ್ದ: “ಗಿಡ ಬೆಳೆಸೋ ತೊಟ್ಟಿ ಸಾರ್ ಇದು. ದಿನಕ್ಕೆ ಎಂಟು ಗಂಟೆ ಬೆಳಕು. ಜಾಸ್ತಿ ಆದ್ರೆ ಪಾಚಿ ಕಟ್ಟುತ್ತೆ, ಕಮ್ಮಿ ಆದ್ರೆ ಗಿಡ ಕೊಳೆಯುತ್ತೆ. ಮಧ್ಯಾಹ್ನ ಗಿಡಕ್ಕೂ ಒಂದು ನಿದ್ದೆ ಇರಲಿ. ಕೈಯಲ್ಲಿ ಹಾಕ್ತೀನಿ ಆರಿಸ್ತೀನಿ ಅಂತ ಹೋಗಬೇಡಿ, ಅದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ.” ಇನ್ನೂ ಏನೋ ಒಂದು ಮುಖ್ಯವಾದ ಮಾತು ಹೇಳಿದ್ದ. ಅಷ್ಟರಲ್ಲಿ ಬಸ್ಸು ಬಂದಿತ್ತು.

ಆದರೆ ಹುಟ್ಟಿದಾಗಿನಿಂದ ಹೊತ್ತಿಗೆ ಸರಿಯಾಗಿ ಒಂದು ಕೆಲಸ ಮಾಡಿದೆ ಅಂತ ಟಪಾಲಣ್ಣನನ್ನು ಯಾರೂ ಹೊಗಳಿರಲಿಲ್ಲ. ತುಟಿ ಒರೆಸಿಕೊಂಡು ಹೇಳಿಯೇಬಿಟ್ಟ: “ಶಿಸ್ತು ಅನ್ನೋದು ಇರಬೇಕಲ್ಲ ಸಾರ್.”

“ಅಲಾರಂ ಇಟ್ಕೋತೀರಾ?”

“ಇಲ್ಲ ಸಾರ್. ತಾನಾಗೇ ಎಚ್ಚರ ಆಗುತ್ತೆ.”

ಒಳಗೆ ಹೆಂಡತಿಯ ಕೈಯಿಂದ ಏನೋ ಪಾತ್ರೆ ಜಾರಿ ಬಿದ್ದ ಸದ್ದಾಯಿತು. ಬೆಳಿಗ್ಗೆ ಆರಕ್ಕೆ ಅವನ ಗೊರಕೆಗೆ ತೊಟ್ಟಿಯ ಮೇಲಿನ ಮುಚ್ಚಳ ಅದುರುವುದು ಆಕೆಗೆ ಗೊತ್ತಿತ್ತು.

ಹೆಡ್‌ಮಾಸ್ತರು ಹೋದ ಮೇಲೆ ಆಕೆ ಬಂದು, ಮೀನಿನ ಆಹಾರದ ಡಬ್ಬಿಯ ಅಡಿಯಲ್ಲಿದ್ದ ಕಾಗದವನ್ನು ಎಳೆದು ಅವನ ಮುಂದೆ ಹಿಡಿದಳು. “ಶಿಸ್ತಿನವರು ಇದಕ್ಕೊಂದು ಉತ್ತರ ಬರೀರಿ. ಬಂದು ತಿಂಗಳಾಯ್ತು.”

ಅಕ್ಕನ ಕಾಗದ. ಅಕ್ಕ ಅಂದರೆ ಟಪಾಲಣ್ಣನನ್ನು ಎತ್ತಿ ಆಡಿಸಿ, ಓದಿಸಿ, ಕೆಲಸಕ್ಕೆ ಹಚ್ಚಿದವಳು. ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿ ಮೂವತ್ತೈದು ವರ್ಷ ದುಡಿದವಳು. ಅವಳು ಬರೆದದ್ದು ನಾಲ್ಕೇ ಸಾಲು. “ನನ್ನ ಸರ್ವಿಸು ಮುಗೀತಾ ಬಂತು. ಕ್ವಾರ್ಟರ್ಸು ಬಿಡಬೇಕು, ಮೂರು ತಿಂಗಳು ಟೈಮು ಕೊಟ್ಟಿದ್ದಾರೆ. ನಿನ್ನ ಮುಂದಿನ ಕೋಣೆ ಖಾಲಿ ಇದ್ದರೆ ಬರ್ತೀನಿ. ಕಷ್ಟ ಆದರೆ ಹಾಗಂತ ಬರೆದುಬಿಡು, ಇಲ್ಲೇ ಮಹಿಳಾ ವಸತಿಗೃಹಕ್ಕೆ ಅರ್ಜಿ ಹಾಕ್ತೀನಿ, ಬೇಜಾರಿಲ್ಲ.”

ಟಪಾಲಣ್ಣ ಕಾಗದ ಓದಿದ ದಿನವೇ ಉತ್ತರ ಬರೆಯಲು ಕೂತಿದ್ದ. ‘ಬಾ’ ಅನ್ನಬೇಕು, ಅಷ್ಟೇ. ಆದರೆ ಅವನು ಆಫೀಸಿನ ಟಪಾಲು ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಕಾಗದಗಳಿಗೆ ನಂಬರು ಹಾಕಿ ಕಳಿಸಿದವನು. ಪೆನ್ನು ಹಿಡಿದರೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತಲೇ ಬರುತ್ತಿತ್ತು. ಎರಡು ಹಾಳೆ ಹರಿದ. ಆಮೇಲೆ ಅವನಿಗೊಂದು ಹೊಳೆಯಿತು. ಆಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ಒಂದು ಗಿಡದ ತೊಟ್ಟಿ ಇದೆ, ಅಕ್ಕ ಡ್ಯೂಟಿ ಮುಗಿಸಿ ಅದರ ಮುಂದೆ ಕೂತೇ ಟೀ ಕುಡಿಯುವುದು. ಅಂಥದ್ದೇ ಒಂದನ್ನು ಮುಂದಿನ ಕೋಣೆಯಲ್ಲಿ ಇಟ್ಟು, ಗಿಡ ಚೆನ್ನಾಗಿ ಬೇರು ಬಿಟ್ಟ ಮೇಲೆ, ‘ನಿನ್ನ ಕೋಣೆ, ನಿನ್ನ ತೊಟ್ಟಿ, ಬಾ’ ಅಂತ ಬರೆದರೆ ಕಾಗದಕ್ಕೆ ತೂಕ ಬರುತ್ತದೆ. ತೊಟ್ಟಿ ಬಂತು. ಕಾಗದ ಹಾಗೇ ಉಳಿಯಿತು.

“ಬೇರು ಬಿಡಲಿ ಕಣೇ.”

“ಗಿಡ ಬೇರು ಬಿಡೋಷ್ಟರಲ್ಲಿ ಅವರು ಅಲ್ಲೇ ಬೇರು ಬಿಡ್ತಾರೆ. ನಾನೇ ಬರೀಲಾ?”

“ಬೇಡ. ಅವಳು ನನಗೆ ಬರೆದಿದ್ದಾಳೆ. ನಾನೇ ಬರೀಬೇಕು.”

ಮುಂದೆ ಒಂದು ತಿಂಗಳು ಎಲ್ಲ ಸುಸೂತ್ರ. ತೊಟ್ಟಿಯ ತಳಕ್ಕೆ ಹಸಿರು ಹುಲ್ಲಿನ ಹಾಸು ಹಬ್ಬಿತು. ದೀಪ ಹೊತ್ತಿ ಮೂರನೇ ಗಂಟೆಗೆ ಎಲೆಗಳ ತುದಿಯಿಂದ ಸೂಜಿಮೊನೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೇಳುತ್ತಿದ್ದವು. ಟಪಾಲಣ್ಣ ಅದನ್ನು ನೋಡುತ್ತ ನಿಂತು ಆಫೀಸಿಗೆ ಇನ್ನಷ್ಟು ತಡವಾಗಿ ಹೊರಡುತ್ತಿದ್ದ. ಶಿಸ್ತಿನ ಮನುಷ್ಯ ತಡವಾಗಿ ಓಡುವುದನ್ನು ಹೆಡ್‌ಮಾಸ್ತರು ನೋಡಬಾರದಲ್ಲ, ಅದಕ್ಕೆ ಮುಂಬಾಗಿಲನ್ನು ಒಳಗಿನಿಂದಲೇ ಚಿಲಕ ಹಾಕಿ, ಹಿತ್ತಿಲ ಬಾಗಿಲಿನಿಂದ ಓಣಿಗೆ ಇಳಿದು ಬಸ್ಸಿಗೆ ಓಡುತ್ತಿದ್ದ. ಹೆಂಡತಿ ಒಂಬತ್ತಕ್ಕೇ ಶಿಶುವಿಹಾರದ ಕೆಲಸಕ್ಕೆ ಹೋಗಿರುತ್ತಿದ್ದಳು. ಆದ್ದರಿಂದ ಬೀದಿಯ ಕಣ್ಣಿಗೆ ಟಪಾಲಣ್ಣ ಮನೆ ಬಿಟ್ಟದ್ದೇ ಕಾಣುತ್ತಿರಲಿಲ್ಲ.

ಆಮೇಲೆ ಲೈನು ರಿಪೇರಿ ಶುರುವಾಯಿತು. ಒಂದು ದಿನ ಹತ್ತು ನಿಮಿಷ, ಒಂದು ದಿನ ಕಾಲು ಗಂಟೆ ಕರೆಂಟು ತೆಗೆಯತೊಡಗಿದರು.

“ಏನ್ರೀ, ನನ್ನ ಕೈಗಡಿಯಾರದಲ್ಲಿ ಇವತ್ತು ದೀಪ ಆರೂ ಹತ್ತಕ್ಕೆ ಬಂತು?” ಹೆಡ್‌ಮಾಸ್ತರು ಗೇಟಿನಲ್ಲೇ ತಡೆದರು.

“ಸ್ವಲ್ಪ ಜ್ವರ ಸಾರ್.”

ಎರಡು ದಿನ ಬಿಟ್ಟು: “ಇವತ್ತು ಆರೂ ಇಪ್ಪತ್ತೈದು.”

“ಜ್ವರ ಏರಿದೆ ಸಾರ್.”

ಇನ್ನೂ ಎರಡು ದಿನ ಬಿಟ್ಟು: “ಆರೂ ನಲವತ್ತು. ಡಾಕ್ಟರಿಗೆ ತೋರಿಸಿದ್ರಾ?”

ಟಪಾಲಣ್ಣನಿಗೆ ನಿಜಕ್ಕೂ ಏನೂ ತಿಳಿಯಲಿಲ್ಲ. ಟೈಮರನ್ನು ಹೊರಗೆ ತೆಗೆದು ನೋಡಿದ. ಬಿಲ್ಲೆ ತಿರುಗುತ್ತಲೇ ಇತ್ತು. ಕಿವಿಗೆ ಹಿಡಿದ, ಟಿಕ್ ಟಿಕ್ ಅನ್ನುತ್ತಲೇ ಇತ್ತು. ಕಡ್ಡಿಗಳು ಆಯಾಸಗೊಂಡಿರಬೇಕು ಅಂದುಕೊಂಡು ಒಂದೊಂದನ್ನೂ ಸಮಾಧಾನವಾಗಿ ಎತ್ತಿ ಮತ್ತೆ ಒತ್ತಿ ಇಟ್ಟ.

ದೀಪ ಹೀಗೆ ಜಾರುತ್ತ ಜಾರುತ್ತ, ಹತ್ತಕ್ಕೆ ಆರಬೇಕಾದದ್ದು ಅವನು ಹಿತ್ತಿಲಿನಿಂದ ಓಡಿಹೋದ ಮೇಲೆ, ಖಾಲಿ ಮನೆಯಲ್ಲಿ ಆರತೊಡಗಿತು.

ಬೀದಿ ಅವನ ಮೇಲೆ ಮುನಿಸಿಕೊಂಡದ್ದು ಆ ವಾರ. ಪಕ್ಕದ ಮನೆಯ ಸಂಗೀತದ ಟೀಚರಮ್ಮ ಅವನು ನಮಸ್ಕಾರ ಅಂದರೆ ಮುಖ ತಿರುಗಿಸಿ ಮೇಲಿನ ಸ್ವರಕ್ಕೆ ಹೋಗಿಬಿಡುತ್ತಿದ್ದರು. ಇಸ್ತ್ರಿಯವನು ಷರ್ಟು ಕೊಡುವಾಗ, “ತಗೊಳ್ಳಿ ಸಾರ್, ಬಾಗಿಲು ತೆಗೆಯೋ ಕಷ್ಟ ನಿಮಗೆ ಬೇಡ ಅಂತ ನಾನೇ ಕಾಯ್ತಾ ಇದ್ದೆ” ಅಂದ.

“ಬಾಗಿಲು ತೆಗೆಯೋದ್ರಲ್ಲಿ ಕಷ್ಟ ಏನಪ್ಪ?”

“ನಮಗೇನು ಗೊತ್ತು ಸಾರ್. ದೊಡ್ಡವರ ವಿಷಯ.”

ಟಪಾಲಣ್ಣ ತಲೆ ಕೆರೆದುಕೊಂಡ. ಬಾಗಿಲನ್ನು ಒಂದು ಸಲ ತೆಗೆದು ಹಾಕಿ ನೋಡಿದ. ಕೀಲಿಗೆ ಎಣ್ಣೆ ಬಿಟ್ಟ.

ಮುಂದಿನ ಸೋಮವಾರ ಸಂಜೆ ಮೀಟರು ಓದುವವನು ಪುಸ್ತಕ ಹಿಡಿದು ಬಂದ. ಹಿಂದೆಯೇ ಹೆಡ್‌ಮಾಸ್ತರೂ ಬಂದರು. ಪುಸ್ತಕ ಕಂಡ ಕಡೆ ಅವರು ಇರುತ್ತಿದ್ದರು.

“ಹೋದ ಮಂಗಳವಾರ ಹತ್ತೂ ನಲವತ್ತಕ್ಕೆ ನಿಮ್ಮ ಬೆಲ್ ಒತ್ತಿದೆ ಸಾರ್,” ಅಂದ ಮೀಟರಿನವನು. “ಕಿಟಕಿಯೊಳಗೆ ದೀಪ ಇತ್ತು. ಬೆಲ್ ಸದ್ದು ಮುಗಿಯೋ ಮೊದಲೇ ಟಕ್ ಅಂತ ಆರಿಹೋಯ್ತು. ಯಾರೂ ಬಾಗಿಲು ತೆಗೀಲಿಲ್ಲ. ಹೀಗೆ ಬಚ್ಚಿಟ್ಟುಕೊಂಡ್ರೆ ನಾವು ಮೀಟರು ಓದೋದು ಹೇಗೆ?”

“ನಾನು ಇರಲೇ ಇಲ್ಲವಲ್ಲಪ್ಪ.”

“ಹಾಗಾದ್ರೆ ದೀಪ ಯಾರು ಆರಿಸಿದ್ದು? ಅದು ತಾನೇ ಆರಿತಾ?”

ಟಪಾಲಣ್ಣ ಬಾಯಿ ತೆರೆದ. ಈ ಸಲ ಬಾಯಲ್ಲಿ ನೀರಿರಲಿಲ್ಲ. ಆದರೆ ಹೆಡ್‌ಮಾಸ್ತರು ಮೊದಲೇ ಹೇಳಿಬಿಟ್ಟರು: “ತಾನೇ ಆರೋದಾ? ಈ ಬೀದಿಯಲ್ಲಿ ಕೈಯಾರೆ, ಗಡಿಯಾರ ಕೂಡ ನೋಡದೆ, ದೀಪ ಹಾಕಿ ಆರಿಸೋ ಮನುಷ್ಯ ಇವರೊಬ್ಬರೇ. ಮನೆಪಾಠಕ್ಕೆ ಬರೋ ಮಕ್ಕಳಿಗೆಲ್ಲ ಇವರ ಉದಾಹರಣೆ ಕೊಟ್ಟಿದ್ದೀನಿ. ನಾನೇ ಸಾಕ್ಷಿ.”

ಒಂದು ಕಡೆ ಟೈಮರಿನ ಸಣ್ಣ ಡಬ್ಬಿ. ಇನ್ನೊಂದು ಕಡೆ ಜೀವಮಾನದಲ್ಲಿ ಸಿಕ್ಕ ಒಂದೇ ಒಂದು ಒಳ್ಳೆ ಹೆಸರು. ಟಪಾಲಣ್ಣ ಹೆಡ್‌ಮಾಸ್ತರ ಮುಖ ನೋಡಿದ, ಮೀಟರಿನವನ ಮುಖ ನೋಡಿದ.

“ನಾನೇ ಆರಿಸಿದ್ದು,” ಅಂದ.

“ಬರೆದುಕೊಡಿ.”

ಬರೆದುಕೊಟ್ಟ. ಹತ್ತೂ ನಲವತ್ತಕ್ಕೆ ಮನೆಯಲ್ಲಿದ್ದು, ದೀಪ ಆರಿಸಿ, ಬಾಗಿಲು ತೆರೆದಿರುವುದಿಲ್ಲ. ಸಹಿ, ದಿನಾಂಕ. ಇಂಥ ವಾಕ್ಯಗಳು ಮಾತ್ರ ಅವನ ಪೆನ್ನಿನಿಂದ ಸರಾಗವಾಗಿ ಇಳಿಯುತ್ತಿದ್ದವು.

ಗುರುವಾರ ಆಫೀಸಿನ ಟಪಾಲಿನಲ್ಲಿ ವಿದ್ಯುತ್ ಕಚೇರಿಯ ಒಂದು ಲಕೋಟೆ ಬಂತು. ನೌಕರನ ಹೇಳಿಕೆಯ ನಕಲು, ಮೇಲಧಿಕಾರಿಯ ಅವಗಾಹನೆಗೆ. ಅದನ್ನು ಒಡೆದವನೂ ಟಪಾಲಣ್ಣನೇ, ಓದಿ ಬೆವರಿದವನೂ ಟಪಾಲಣ್ಣನೇ, ನಂಬರು ಹಾಕಿ ಸೂಪರಿಂಟೆಂಡೆಂಟರ ಟ್ರೇನಲ್ಲಿ ಇಟ್ಟವನೂ ಟಪಾಲಣ್ಣನೇ. ಬಂದ ಕಾಗದ ಮುಚ್ಚಿಡುವ ಬುದ್ಧಿ ಅವನಿಗಿರಲಿಲ್ಲ. ಬರಬೇಕಾದ ಬುದ್ಧಿಗಳು ಅವನಿಗೆ ತಡವಾಗಿಯೇ ಬರುತ್ತಿದ್ದವು.

“ಹೋದ ವಾರ ಮಂಗಳವಾರ ಹತ್ತೂ ನಲವತ್ತಕ್ಕೆ ಎಲ್ಲಿದ್ರಿ?” ಸೂಪರಿಂಟೆಂಡೆಂಟರು ಕೇಳಿದರು.

“ಇಲ್ಲೇ ಸಾರ್. ಹಾಜರಿ ಪುಸ್ತಕದಲ್ಲಿ ಸಹಿ ಇದೆ.”

“ಇದರಲ್ಲೂ ನಿಮ್ಮ ಸಹಿ ಇದೆ. ಮನೆಯಲ್ಲಿದ್ದೆ ಅಂತ.”

“ಅದೂ ನಂದೇ ಸಾರ್.”

“ಎರಡು ಕಡೆ ಇದ್ರಾ?”

ಟಪಾಲಣ್ಣ ಪ್ರಾಮಾಣಿಕವಾಗಿ ಯೋಚನೆ ಮಾಡಿದ. “ಒಂದು ಕಡೆ ಪೂರ್ತಿ ಇದ್ದೆ ಸಾರ್. ಇನ್ನೊಂದು ಕಡೆ ದೀಪದ ಮಟ್ಟಿಗೆ.”

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಪ್ಪತ್ತೆರಡು ವರ್ಷದಿಂದ ಒಂದು ಕಡೆ ಹೊತ್ತಿಗೆ ಸರಿಯಾಗಿ ಇರೋಕೆ ನಿಮ್ಮ ಕೈಲಿ ಆಗಲಿಲ್ಲ. ಈಗ ಎರಡು ಕಡೆ. ನಾಳೆ ಹನ್ನೊಂದಕ್ಕೆ ಆ ಮೀಟರಿನವನನ್ನ, ಆ ಸಾಕ್ಷಿಯನ್ನ ಮನೆ ಹತ್ತಿರ ಕರೆಸಿ. ನಾನೇ ಬರ್ತೀನಿ.”

ಶುಕ್ರವಾರ ಹನ್ನೊಂದಕ್ಕೆ ಟಪಾಲಣ್ಣನ ಗೇಟಿನ ಮುಂದೆ ಸಭೆ ಸೇರಿತು. ಹೆಂಡತಿ ರಜೆ ಹಾಕಿ ಬಂದು ಬೀದಿಗೇ ಟೀ ತಂದುಕೊಟ್ಟಳು, ಯಾಕೆಂದರೆ ಸೂಪರಿಂಟೆಂಡೆಂಟರು ವಿಚಾರಣೆ ಮುಗಿಯುವ ತನಕ ಒಳಗೆ ಕಾಲಿಡುವುದಿಲ್ಲ ಅಂದಿದ್ದರು. ಟೀಚರಮ್ಮ ತಮ್ಮ ಕಾಂಪೌಂಡಿನಲ್ಲೇ ನಿಂತು, ತಮಗೆ ಸಂಬಂಧವಿಲ್ಲ ಅನ್ನುವ ಹಾಗೆ, ಒಂದು ಮಾತೂ ಬಿಡದೆ ಕೇಳುತ್ತಿದ್ದರು.

ಮೀಟರಿನವನು ನೋಡಿದ್ದು ನೋಡಿದ್ದೇ ಅಂದ. ಹೆಡ್‌ಮಾಸ್ತರು ಕೈಯಾರೆ ಅಂದರೆ ಕೈಯಾರೆಯೇ ಅಂದರು. ಸೂಪರಿಂಟೆಂಡೆಂಟರು ಹಾಗಾದರೆ ಹಾಜರಿ ಪುಸ್ತಕ ಸುಳ್ಳೇ ಅಂದರು. ಟಪಾಲಣ್ಣ ಎಲ್ಲರಿಗೂ ಹೌದು ಅಂದ. ಹೀಗೇ ಹನ್ನೆರಡು ಗಂಟೆಯ ಹತ್ತಿರವಾಯಿತು.

“ಕಡೆಯದಾಗಿ ಕೇಳ್ತೀನಿ,” ಅಂದರು ಸೂಪರಿಂಟೆಂಡೆಂಟರು. “ಆ ದೀಪಾನ ಬೇರೆ ಯಾರೂ ಆರಿಸೋಕೆ ಸಾಧ್ಯ ಇಲ್ಲ?”

“ಸಾಧ್ಯವೇ ಇಲ್ಲ,” ಅಂದರು ಹೆಡ್‌ಮಾಸ್ತರು.

“ನಾನೇ ಸಾರ್,” ಅಂದ ಟಪಾಲಣ್ಣ.

ಕಿಟಕಿಯ ಹಿಂದೆ ಟಕ್ ಅಂತ ಸದ್ದಾಯಿತು. ದೀಪ ಆರಿತು.

ಎಲ್ಲರೂ ಕಿಟಕಿ ನೋಡಿದರು. ಆಮೇಲೆ ಟಪಾಲಣ್ಣನ ಎರಡು ಕೈಗಳನ್ನು ನೋಡಿದರು. ಒಂದರಲ್ಲಿ ಟೀ ಲೋಟ, ಇನ್ನೊಂದರಲ್ಲಿ ಬಿಸ್ಕತ್ತು. ಬಿಸ್ಕತ್ತು ಮುರಿದು ಕೆಳಗೆ ಬಿತ್ತು.

ಹೆಂಡತಿ ಯಾರಿಗೂ ಏನೂ ಹೇಳದೆ ಒಳಗೆ ಹೋಗಿ, ತೊಟ್ಟಿಯ ಹಿಂದಿನಿಂದ ಟೈಮರನ್ನು ಕಿತ್ತು ತಂದು ಸೂಪರಿಂಟೆಂಡೆಂಟರ ಕೈಗೆ ಕೊಟ್ಟಳು. “ಇದು ಸಾರ್ ಆರಿಸೋದು. ಇವರಲ್ಲ. ಇವರು ಆರಕ್ಕೆ ಎದ್ದಿದ್ದನ್ನ ನಾನು ಮದುವೆಯಾದಾಗಿನಿಂದ ನೋಡಿಲ್ಲ.”

ಮೀಟರಿನವನು ಅದನ್ನು ಇಸಿದುಕೊಂಡು, ಬಿಲ್ಲೆಯನ್ನು ಒಂದು ಸುತ್ತು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು. “ಅಯ್ಯೋ ಸಾರ್, ಕರೆಂಟು ಹೋದ್ರೆ ಇದೂ ನಿಂತುಬಿಡುತ್ತೆ. ಬಂದ ಮೇಲೆ ನಿಂತ ಕಡೆಯಿಂದ ಹೊರಡುತ್ತೆ. ಪ್ರತಿ ಸಲ ಕೈಯಲ್ಲಿ ತಿರುಗಿಸಿ ಟೈಮು ಸರಿಮಾಡಬೇಕು. ಅಂಗಡಿಯವನು ಹೇಳಲಿಲ್ವಾ?”

ಬಸ್ಸು ಬಂದಾಗ ತಪ್ಪಿಹೋದ ಮುಖ್ಯವಾದ ಮಾತು ಅದೇ ಅಂತ ಟಪಾಲಣ್ಣನಿಗೆ ಆಗ ತಿಳಿಯಿತು.

“ಅಂದ್ರೆ ಜ್ವರ?” ಅಂದರು ಹೆಡ್‌ಮಾಸ್ತರು.

“ಇರಲಿಲ್ಲ ಸಾರ್.”

“ನನ್ನ ಗೋಡೆ ಗಡಿಯಾರ?”

“ಎರಡು ಗಂಟೆ ಹಿಂದಿರಬೇಕು ಸಾರ್.”

ಹೆಡ್‌ಮಾಸ್ತರು ಇದರಿಂದ ಚೇತರಿಸಿಕೊಳ್ಳುವ ಮೊದಲೇ ಟೀಚರಮ್ಮ ಕಾಂಪೌಂಡು ದಾಟಿ ಬಂದರು. ಎಂಟು ದಿನದಿಂದ ಕಟ್ಟಿಟ್ಟಿದ್ದ ಮಾತು ಒಟ್ಟಿಗೆ ಹೊರಬಂತು. “ಹಾಗಾದ್ರೆ ಹೋದ ಗುರುವಾರ ನಾನು ಏಣಿ ಕೇಳೋಕೆ ಬಂದಾಗ ದೀಪ ಆರಿಸಿದ್ದು ನೀವಲ್ವಾ? ನನ್ನ ಮುಖ ನೋಡಿ ಆರಿಸಿದ್ರಿ ಅಂತ ನಾನು... ಹಾಗಾದ್ರೆ ಶನಿವಾರ ನಿಮ್ಮ ಅಕ್ಕ ಬಂದಾಗ?”

ಟಪಾಲಣ್ಣ ಲೋಟವನ್ನು ಗೇಟಿನ ಕಂಬದ ಮೇಲಿಟ್ಟ. “ಯಾರು ಬಂದಾಗ?”

“ನಿಮ್ಮ ಅಕ್ಕ. ಬಿಳಿ ಕೂದಲು, ಕೈಯಲ್ಲೊಂದು ಬಟ್ಟೆ ಬ್ಯಾಗು. ಗೇಟು ತೆಗೆದು ಕಿಟಕಿ ಹತ್ತಿರ ನಿಂತು ಆ ತೊಟ್ಟಿನೇ ನೋಡ್ತಾ ಇದ್ರು, ಬಹಳ ಹೊತ್ತು. ನಗ್ತಾ ಇದ್ರು. ಆಮೇಲೆ ಬೆಲ್ ಒತ್ತಿದ್ರು. ದೀಪ ಆರಿತು. ಹತ್ತು ನಿಮಿಷ ನಿಂತಿದ್ರು. ನಾನೇ ಹೋಗಿ ಮಾತಾಡಿಸಿದೆ. ‘ಇರಲಿ ಬಿಡಮ್ಮ, ಅವನಿಗೆ ಚಿಕ್ಕಂದಿನಿಂದಲೂ ಬೇಡ ಅನ್ನೋಕೆ ನಾಲಿಗೆ ಏಳಲ್ಲ. ಕಾಗದಕ್ಕೆ ಉತ್ತರ ಬರಲಿಲ್ಲ, ಈಗ ದೀಪದಲ್ಲಿ ಹೇಳಿದ್ದಾನೆ’ ಅಂದ್ರು. ಬರೋ ಸೋಮವಾರ ವಸತಿಗೃಹಕ್ಕೆ ದುಡ್ಡು ಕಟ್ಟಿ ಸೇರ್ತೀನಿ ಅಂತ ಹೇಳಿ ಹೊರಟುಹೋದ್ರು. ನಿಮ್ಮ ಹತ್ತಿರ ಮಾತು ಬಿಟ್ಟಿದ್ದೆನಲ್ಲ, ಅದಕ್ಕೇ ಹೇಳಲಿಲ್ಲ.”

ಟಪಾಲಣ್ಣ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟ. ಆಗಿನ್ನೂ ಮನೆಮನೆಗೆ ಫೋನು ಬಂದಿರಲಿಲ್ಲ. ಸೋಮವಾರಕ್ಕೆ ಉಳಿದದ್ದು ಮೂರು ದಿನ.

“ಹೊಸ ಹಾಳೆ ಕೊಡೇ,” ಅಂದ ಹೆಂಡತಿಗೆ.

ಸೂಪರಿಂಟೆಂಡೆಂಟರು ಈಗ ಒಳಗೆ ಬಂದರು. ಎಲ್ಲರೂ ಬಂದರು. ತೊಟ್ಟಿಯ ಮುಂದಿನ ಮೇಜಿಗೆ ಟಪಾಲಣ್ಣ, ಅವನ ಬೆನ್ನಿಗೆ ಬೀದಿ.

“ಉಲ್ಲೇಖ ಹಾಕಿ. ಅವರ ಕಾಗದದ ದಿನಾಂಕ,” ಅಂದರು ಸೂಪರಿಂಟೆಂಡೆಂಟರು, ಅಭ್ಯಾಸಬಲದಿಂದ.

“ಕಡ್ಡಿ ವಿಷಯ ಬಿಡಿಸಿ ಬರೀರಿ ಸಾರ್, ಒಂದು ಕಡ್ಡಿಗೆ ಕಾಲು ಗಂಟೆ ಅಂತ,” ಅಂದ ಮೀಟರಿನವನು.

“ತಪ್ಪೊಪ್ಪಿಗೆ ಮೊದಲು ಬರಲಿ. ಸುಳ್ಳು ಹೇಳಿದೆ ಅಂತ ದಪ್ಪ ಅಕ್ಷರದಲ್ಲಿ,” ಅಂದರು ಹೆಡ್‌ಮಾಸ್ತರು.

“ನಾನು ಕೇಳಿದೆ ಅಂತ ಬರೀರಿ,” ಅಂದರು ಟೀಚರಮ್ಮ. “ಬಂದ್ರೆ ಸಂಜೆ ಪಾಠಕ್ಕೆ ಕೂತು ಕೇಳಬಹುದು ಅಂತ.”

ಟಪಾಲಣ್ಣ ಎಲ್ಲವನ್ನೂ ಬರೆದ. ಹಾಳೆ ತುಂಬಿತು. ಓದಿ ನೋಡಿದ. ವಿದ್ಯುತ್ ಕಚೇರಿಯ ಸುತ್ತೋಲೆಯ ಹಾಗಿತ್ತು. ಹರಿದ. ಹೆಂಡತಿ ಎಲ್ಲರ ಲೋಟ ತೆಗೆದುಕೊಂಡು, “ಬನ್ನಿ, ಹೊರಗೆ ಕೂರೋಣ” ಅಂತ ಬೀದಿಯನ್ನು ಬೀದಿಗೆ ಕಳಿಸಿ ಬಾಗಿಲು ಎಳೆದಳು.

ಒಬ್ಬನೇ ಉಳಿದಾಗ ಅವನು ಬರೆದದ್ದು ಇಷ್ಟು:

“ಅಕ್ಕ, ದೀಪ ಆರಿಸಿದ್ದು ನಾನಲ್ಲ, ಇದರ ಜೊತೆ ಇಟ್ಟಿರೋ ಈ ಡಬ್ಬಿ. ನೀನು ನೋಡಿದ ತೊಟ್ಟಿ ನಿನ್ನದೇ. ಕೋಣೆಯೂ ನಿನ್ನದೇ. ಡಬ್ಬಿ ಕಿತ್ತಿದ್ದೀನಿ, ಇನ್ನು ಕೈಯಲ್ಲೇ ಹಾಕಬೇಕು. ಈ ಮನೇಲಿ ಬೆಳಿಗ್ಗೆ ಆರಕ್ಕೆ ಏಳೋರು ಯಾರೂ ಇಲ್ಲ. ಬಾ.”

ಪೋಸ್ಟಾಫೀಸಿನಿಂದ ಚೀಲ ಹೊರಡುವುದು ಮೂರು ಗಂಟೆಗೆ; ಅದರಲ್ಲಿ ಹೋದ ಕಾಗದ ಮರುದಿನವೇ ಅಕ್ಕನ ಊರು ಮುಟ್ಟುತ್ತದೆ. ಆಫೀಸಿನ ಟಪಾಲು ಹೊತ್ತು ಟಪಾಲಣ್ಣ ಅಲ್ಲಿ ಮುಟ್ಟುವುದು ಮೂರಕ್ಕೆ ಎರಡು ನಿಮಿಷವಿರುವಾಗ, ಚೀಲದ ಬಾಯಿಗೆ ಹುರಿ ಸುತ್ತುತ್ತಿರುವಾಗ. ಕೌಂಟರಿನ ಗುಮಾಸ್ತ ಇಪ್ಪತ್ತೆರಡು ವರ್ಷದಿಂದ ಆ ಎರಡು ನಿಮಿಷವನ್ನು ಬೈದುಕೊಂಡೇ ಬಂದಿದ್ದ. ಇವತ್ತು ಟಪಾಲಣ್ಣ ಬಂದು ನಿಂತಾಗ ಅವನು ತಲೆಯೆತ್ತಿ ಗೋಡೆ ಗಡಿಯಾರ ನೋಡಿದ. ಒಂದೂವರೆ. ಅದು ನಿಂತಿದೆ ಅಂದುಕೊಂಡು ಕೈಗಡಿಯಾರ ನೋಡಿದ. ಅದರಲ್ಲೂ ಒಂದೂವರೆ. ಪಕ್ಕದವನ ಕೈ ಎಳೆದು ಅವನದನ್ನೂ ನೋಡಿದ.

“ಏನ್ರೀ ಟಪಾಲಣ್ಣ, ಇಷ್ಟು ಬೇಗ? ಆಫೀಸಿನ ಕಟ್ಟು ಎಲ್ಲಿ?”

“ಇವತ್ತು ಇದೊಂದೇ. ನಂದು. ರಿಜಿಸ್ಟರು ಮಾಡಿ.”

ಗುಮಾಸ್ತ ಉಬ್ಬಿದ ಲಕೋಟೆಯನ್ನು ತಕ್ಕಡಿಗಿಟ್ಟ, ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. “ಒಳಗೇನೋ ಗಡಗಡ ಅಂತಿದೆಯಲ್ಲ. ಏನಿದೆ?”

“ದೀಪ ಆರಿಸಿದವನು,” ಅಂದ ಟಪಾಲಣ್ಣ.

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಅವನು ಲಕೋಟೆಯನ್ನು ನೋಡಿದ, ಟಪಾಲಣ್ಣನನ್ನು ನೋಡಿದ, ಮತ್ತೊಂದು ಸಲ ಗೋಡೆ ಗಡಿಯಾರವನ್ನು ನೋಡಿದ. ಆಮೇಲೆ ಮೊಹರನ್ನು ಮಸಿಗೆ ಒತ್ತಿ, ಅಕ್ಕನ ಹೆಸರಿನ ಮೇಲ್ಗಡೆ ಠಪ್ ಅಂತ ಹೊಡೆದು, ಬಾಯಿ ತೆರೆದೇ ಇದ್ದ ಚೀಲದೊಳಗೆ ಎಸೆದ.